ಒಂದು ಯಂತ್ರದಲ್ಲಿ ಎರಡು ವ್ಯವಸ್ಥೆ

ಗಣಕಯಂತ್ರವನ್ನು ಕೊಂಡು ತಂದಾಗ ಅದರೊಳಗೆ ಒಂದು ಕಾರ್ಯಾಚರಣ ವ್ಯವಸ್ಥೆ ಮೊದಲೇ ಬಂದು ನೆಲೆಸಿರುತ್ತದೆ. ಆದುದರಿಂದ ಯಂತ್ರವೂ ಅದೂ ಒಂದೇ ಎಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಇದು ಸರಿಯಲ್ಲ. ಯಂತ್ರ ಬೇರೆ, ಅದನ್ನು ನಡೆಸುವ ವ್ಯವಸ್ಥೆ ಬೇರೆ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ತೆರೆಯ ಮೇಲೆ ಮೂಡಿಸುವುದು, ಬರೆದುದನ್ನು ಡಿಸ್ಕಿನಲ್ಲಿ ಜೋಪಾನವಾಗಿರಿಸುವುದು, ಮುದ್ರಣಕ್ಕೆ ಕಳುಹಿಸುವುದು, ಏಕಕಾಲದಲ್ಲಿ ಓಡುವ ಹತ್ತು ತಂತ್ರಾಂಶಗಳಿಗೆ ಯಂತ್ರದ ಸ್ಮೃತಿಯನ್ನು ಹಂಚಿಕೊಡುವುದು, ಇವೇ ಮೊದಲಾದ ಕೆಲಸಗಳನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ವಿಂಡೋಸ್ ಅಂಥದೊಂದು, ಲಿನಕ್ಸ್ ಮತ್ತೊಂದು. ಒಂದೇ ಯಂತ್ರದಲ್ಲಿ ಇವೆರಡನ್ನೂ ನೆಲೆಗೊಳಿಸಿ, ಬೇಕಾದಾಗ ಬೇಕಾದುದನ್ನು ಎಬ್ಬಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ವಿಂಡೋಸ್ 10 ಎಂಬ ವ್ಯವಸ್ಥೆ ಹೊರಬಂದುದು 2015ರ ಜುಲೈ 29ರಂದು. ಹೆಸರು ನೋಂದಾಯಿಸಿಕೊಂಡವರಿಗೆ ಮಾಡಿದ ವಿಶೇಷ ಏರ್ಪಾಡನ್ನು ಬಿಟ್ಟರೆ, ಅದಕ್ಕೆ ಬರುತ್ತಿದ್ದ ಉಚಿತ ಭದ್ರತಾ ಪರಿಷ್ಕರಣಗಳು 2025ರ ಅಕ್ಟೋಬರ್ 14ಕ್ಕೆ ನಿಂತುಹೋದವು. ಅದರ ಉತ್ತರಾಧಿಕಾರಿಯಾದ ವಿಂಡೋಸ್ 11ನ್ನು ಹಾಕೋಣವೆಂದರೆ, ಅದು ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನೂ, ಸಾಮಾನ್ಯವಾಗಿ ಇಂಟೆಲ್ ಕಂಪೆನಿಯ 8ನೆಯ ತಲೆಮಾರಿನ ಅಥವಾ ಅದಕ್ಕೂ ಈಚಿನ ಸಂಸ್ಕಾರಕವನ್ನೂ ಕೇಳುತ್ತದೆ. ನಮ್ಮಂಥ ಶಾಲೆಗಳ ಗಣಕ ಕೊಠಡಿಗಳಲ್ಲಿರುವ ಯಂತ್ರಗಳಲ್ಲಿ ಹೆಚ್ಚಿನವು ಹಳೆಯ ವಿದ್ಯಾರ್ಥಿಗಳೂ ಹಿತೈಷಿಗಳೂ ದಾನವಾಗಿ ಕೊಟ್ಟವು. ಕೊಡುವಾಗಲೇ ಅವಕ್ಕೆ ನಾಲ್ಕೈದು ವರ್ಷ ವಯಸ್ಸಾಗಿರುತ್ತದೆ. ಗಟ್ಟಿಮುಟ್ಟಾಗಿರುವ ಯಂತ್ರಗಳನ್ನು ವ್ಯವಸ್ಥೆಯೊಂದರ ಆಯುಷ್ಯ ಮುಗಿಯಿತೆಂಬ ಕಾರಣಕ್ಕೆ ಗುಜರಿಗೆ ಹಾಕಬೇಕೆ? ಹಾಕಬೇಕಾಗಿಲ್ಲ. ಲಿನಕ್ಸ್ ಇಂಥ ಯಂತ್ರಗಳಲ್ಲಿ ಇನ್ನೂ ಅನೇಕ ವರ್ಷ ಚೆನ್ನಾಗಿ ನಡೆಯಬಲ್ಲುದು, ಅದಕ್ಕೆ ಹಣವನ್ನೂ ಕೊಡಬೇಕಾಗಿಲ್ಲ.

ಹಾಗಾದರೆ ವಿಂಡೋಸನ್ನು ಪೂರ್ತಿಯಾಗಿ ಅಳಿಸಿ ಲಿನಕ್ಸನ್ನೇ ಹಾಕಬಾರದೇಕೆ ಎಂದು ಕೇಳುವವರು ಉಂಟು. ಬೇರೆಯವರ ಮಾತು ಹೇಗಾದರೂ ಇರಲಿ, ಕನ್ನಡ ಶಾಲೆಯೊಂದಕ್ಕೆ ಅದು ಸುಲಭವಲ್ಲ. 1998ರಲ್ಲಿ ಶೇಷಾದ್ರಿ ವಾಸು ಅವರು ‘ಬರಹ’ವನ್ನು ಹೊರತಂದರು; ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು. ಎರಡೂ ವಿಂಡೋಸಿಗಾಗಿ ರಚಿತವಾದವು. ಅಂದಿನಿಂದ ಪ್ರಶ್ನೆಪತ್ರಿಕೆಗಳು, ನಾಟಕದ ಪ್ರತಿಗಳು, ವಾರ್ಷಿಕೋತ್ಸವದ ವರದಿಗಳು, ಇಂಥ ವಾರ್ಷಿಕ ಸಂಚಿಕೆಗಳ ಪುಟಗಳು ಎಲ್ಲವೂ ಇವುಗಳ ಅಕ್ಷರಗಳಲ್ಲಿ, ಬಹುಮಟ್ಟಿಗೆ ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶದಲ್ಲಿ ಸಿದ್ಧವಾಗುತ್ತ ಬಂದುವು. ಪೇಜ್‌ಮೇಕರಿನ ಕೊನೆಯ ಆವೃತ್ತಿಯಾದ 7.0 ಹೊರಬಂದುದು 2001ರಲ್ಲಿ. ಲಿನಕ್ಸಿನಲ್ಲಿ ಅದು ನಡೆಯುವಂತೆ ರಚಿತವಾಗಿಯೇ ಇಲ್ಲ. ವಿಂಡೋಸನ್ನು ಅಳಿಸಿದ ದಿನ ಈ ಪುಟಗಳ ಬಾಗಿಲು ಮುಚ್ಚಿದಂತೆಯೇ. ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಒಂದೊಂದಾಗಿ ಕಡಮೆಯಾಗುತ್ತಿರುವ ಈ ಕಾಲದಲ್ಲಿ, ಹೀಗೆ ಕಳೆದುಹೋದುದನ್ನು ಮತ್ತೊಂದು ಕಡೆಯಿಂದ ತಂದುಕೊಳ್ಳುತ್ತೇವೆ ಎನ್ನುವಂತಿಲ್ಲ. ಆದುದರಿಂದ ಹಳೆಯದೂ ಇರಬೇಕು, ಹೊಸದೂ ಬರಬೇಕು.

ಒಂದು ಯಂತ್ರದಲ್ಲಿ ಎರಡು ವ್ಯವಸ್ಥೆಗಳು ಹೇಗಿರುತ್ತವೆ ಎಂಬುದನ್ನು ಮುಂಬಯಿಯ ಕನ್ನಡಿಗರಿಗೆ ತಿಳಿಸುವುದು ಕಷ್ಟವಲ್ಲ. ಹಗಲೆಲ್ಲ ಹೋಟೆಲುಗಳಲ್ಲಿಯೂ ಕ್ಯಾಂಟೀನುಗಳಲ್ಲಿಯೂ ದುಡಿದು, ಸಂಜೆಯಾದ ಮೇಲೆ ಓದಲು ಹೋಗುತ್ತಿದ್ದವರ ರಾತ್ರಿ ಶಾಲೆಗಳನ್ನು ನಮ್ಮ ಹಿರಿಯರು ಕಂಡವರೇ. ಅನೇಕರು ಅಲ್ಲಿಯೇ ಕಲಿತವರು. ಕಟ್ಟಡ ಒಂದೇ, ಬೆಂಚುಗಳು ಒಂದೇ, ಕರಿಹಲಗೆಯೂ ಒಂದೇ. ಹಗಲು ಒಂದು ಶಾಲೆ, ರಾತ್ರಿ ಇನ್ನೊಂದು ಶಾಲೆ. ಎರಡಕ್ಕೂ ಬೇರೆ ಬೇರೆ ಮುಖ್ಯೋಪಾಧ್ಯಾಯರು, ಬೇರೆ ಹಾಜರಿ ಪುಸ್ತಕ, ಬೇರೆ ಬೀರು. ಎರಡೂ ಒಂದೇ ಹೊತ್ತಿಗೆ ನಡೆಯುವಂತಿಲ್ಲ. ಗಣಕದಲ್ಲಿಯೂ ಹಾಗೆಯೇ. ಸಂಸ್ಕಾರಕ, ಸ್ಮೃತಿ, ತೆರೆ, ಕೀಲಿಮಣೆಗಳು ಸಮಾನ. ಡಿಸ್ಕಿನಲ್ಲಿ ಒಂದೊಂದು ವ್ಯವಸ್ಥೆಗೂ ಒಂದೊಂದು ವಿಭಾಗ ಬೇರೆ. ಒಂದು ಹೊತ್ತಿಗೆ ಎಚ್ಚರವಿರುವುದು ಒಂದೇ ವ್ಯವಸ್ಥೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಆರಂಭಿಸಬೇಕು. (ವಿಂಡೋಸಿನೊಳಗೇ ಲಿನಕ್ಸನ್ನು ಒಂದು ಕಿಟಕಿಯಲ್ಲಿ ನಡೆಸುವ ಕಾಲ್ಪನಿಕ ಯಂತ್ರದ ಪದ್ಧತಿಯೂ ಉಂಟು. ಅದಕ್ಕೆ ಸ್ಮೃತಿ ಹೇರಳವಾಗಿ ಬೇಕು. 4 ಜಿಬಿ ಸ್ಮೃತಿಯ ಹಳೆಯ ಯಂತ್ರಕ್ಕೆ ಅದು ಹೊರಲಾರದ ಹೊರೆ.)

ಕಟ್ಟಡದ ಬಾಗಿಲನ್ನು ತೆರೆದು ಇಂದು ಯಾವ ಶಾಲೆ ನಡೆಯಬೇಕೆಂದು ಕೇಳುವ ಕಾವಲುಗಾರನೊಬ್ಬನು ಬೇಕಷ್ಟೆ? ಅವನ ಕೆಲಸವನ್ನು ತಿಳಿದರೆ ಮಿಕ್ಕ ವಿಷಯವೆಲ್ಲ ತಾನಾಗಿ ತಿಳಿಯುತ್ತದೆ. ಆದಕಾರಣ ಇಲ್ಲಿ ಸ್ವಲ್ಪ ನಿಧಾನಿಸೋಣ.

ಗುಂಡಿಯನ್ನು ಒತ್ತಿದಾಗ ಮೊದಲು ಏಳುವುದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ. ಯಂತ್ರದ ಫಲಕದಲ್ಲಿಯೇ ಅಡಕವಾಗಿರುವ ಒಂದು ಸಣ್ಣ ತಂತ್ರಾಂಶ. 1981ರ ಐಬಿಎಂ ಪಿಸಿಯಿಂದ ಮೊದಲುಗೊಂಡು ಬಹುಕಾಲ ಇದನ್ನು ಬಯಾಸ್ ಎಂದು ಕರೆಯುತ್ತಿದ್ದರು. ಬಯಾಸಿಗೆ ಡಿಸ್ಕಿನ ಒಳವಿಚಾರ ಏನೂ ತಿಳಿಯದು. ಅದು ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದಿ, ಅಲ್ಲಿರುವ ಆದೇಶದಂತೆ ನಡೆದುಬಿಡುತ್ತದೆ. ಆ 512ರಲ್ಲಿ 446 ಬೈಟುಗಳು ಆದೇಶಕ್ಕೆ. 64 ಬೈಟುಗಳು ಡಿಸ್ಕಿನ ವಿಭಾಗಗಳ ಪಟ್ಟಿಗೆ, ಒಂದೊಂದಕ್ಕೆ 16ರಂತೆ ನಾಲ್ಕೇ ವಿಭಾಗ. ಉಳಿದ 2 ಬೈಟುಗಳು ಗುರುತಿನ ಮುದ್ರೆ. 446 ಬೈಟು ಎಂದರೆ ಎಷ್ಟು? ಯೂನಿಕೋಡಿನ ಬಳಕೆಯ ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು ಬೇಕು. ಎಂದರೆ 148 ಸಂಕೇತಗಳಷ್ಟು ಜಾಗ; ಅಂಚೆಕಾರ್ಡಿನ ಅರ್ಧ ಪುಟವೂ ತುಂಬದು. ಇಷ್ಟು ಕಿರಿದಾದ ಸ್ಥಳದಲ್ಲಿ ದೊಡ್ಡ ಕೆಲಸ ಸಾಗದಾದುದರಿಂದ, ‘ಮುಂದಿನ ಆದೇಶ ಇಂಥ ಕಡೆ ಇದೆ, ಅಲ್ಲಿಗೆ ಹೋಗು’ ಎಂದಷ್ಟೇ ಅಲ್ಲಿ ಬರೆದಿರುತ್ತದೆ. ಆ ಸ್ಥಳ ಒಂದೇ ಆದುದರಿಂದ ಕಡೆಯಲ್ಲಿ ಬಂದವನ ಬರೆಹವೇ ಅಲ್ಲಿ ಉಳಿಯುತ್ತದೆ. ವಿಂಡೋಸ್ ಹೊಸದಾಗಿ ನೆಲೆಗೊಳ್ಳುವಾಗ ಅಲ್ಲಿದ್ದುದನ್ನು ಅಳಿಸಿ ತನ್ನದನ್ನು ಬರೆಯುತ್ತದೆ. ಲಿನಕ್ಸ್ ಇದೆಯೇ ಇಲ್ಲವೇ ಎಂದು ವಿಚಾರಿಸುವುದಿಲ್ಲ. ಲಿನಕ್ಸಿನ ಕಾವಲುಗಾರನಾದ ‘ಗ್ರಬ್’ ಮಾತ್ರ ಡಿಸ್ಕನ್ನೆಲ್ಲ ಹುಡುಕಿ, ವಿಂಡೋಸ್ ಕಂಡರೆ ಅದರ ಹೆಸರನ್ನೂ ತನ್ನ ಪಟ್ಟಿಗೆ ಸೇರಿಸಿಕೊಳ್ಳಬಲ್ಲನು. ‘ಮೊದಲು ವಿಂಡೋಸ್, ಬಳಿಕ ಲಿನಕ್ಸ್’ ಎಂದು ಬಲ್ಲವರು ಹೇಳುವುದರ ಗುಟ್ಟು ಇಷ್ಟೇ.

ಈಚಿನ ಯಂತ್ರಗಳಲ್ಲಿ ಬಯಾಸಿನ ಸ್ಥಾನಕ್ಕೆ ಯುಇಎಫ್‌ಐ ಎಂಬುದು ಬಂದಿದೆ. ಇದು ಕಡತಗಳನ್ನು ಓದಬಲ್ಲುದು. ಡಿಸ್ಕಿನಲ್ಲಿ ಫ್ಯಾಟ್32 ಕ್ರಮದ ಒಂದು ಚಿಕ್ಕ ವಿಭಾಗ ಇದಕ್ಕಾಗಿಯೇ ಮೀಸಲು. ಅದರಲ್ಲಿ ಒಂದೊಂದು ವ್ಯವಸ್ಥೆಗೂ ಒಂದೊಂದು ಕಡತಕೋಶ. ಯಾರ ಮೇಲೆ ಯಾರೂ ಬರೆಯಬೇಕಾಗಿಲ್ಲ. ಯಾವುದು ಮೊದಲು ಎಂಬ ಸರದಿಯ ಪಟ್ಟಿ ಫಲಕದಲ್ಲಿ ಇರುತ್ತದೆ. ಹಳೆಯ ಜಗಳ ಇದರಿಂದ ಬಹುಮಟ್ಟಿಗೆ ತಪ್ಪಿದೆ. ಆದರೂ ವಿಂಡೋಸಿನ ದೊಡ್ಡ ಪರಿಷ್ಕರಣವಾದ ಮೇಲೆ ಸರದಿ ಬದಲಾಗಿ, ಲಿನಕ್ಸೇ ಮಾಯವಾಯಿತೆಂದು ಗಾಬರಿಯಾಗುವ ಪ್ರಸಂಗ ಒಮ್ಮೊಮ್ಮೆ ಬರುತ್ತದೆ. ಮಾಯವಾಗಿರುವುದಿಲ್ಲ, ಪಟ್ಟಿಯಲ್ಲಿ ಮತ್ತೆ ಮೇಲಕ್ಕೆ ತಂದರೆ ಸರಿ. ನಿಮ್ಮ ಯಂತ್ರದಲ್ಲಿ ಯಾವ ಕ್ರಮವಿದೆ ಎಂಬುದನ್ನು ವಿಂಡೋಸಿನ ‘ಸಿಸ್ಟಂ ಇನ್ಫರ್ಮೇಷನ್’ ಪುಟದಲ್ಲಿ ‘ಬಯಾಸ್ ಮೋಡ್’ ಎಂಬ ಸಾಲಿನ ಎದುರು ನೋಡಬಹುದು. ‘ಲೆಗಸಿ’ ಎಂದಿದ್ದರೆ ಹಳೆಯದು. ವಿಂಡೋಸ್ ಯಾವ ಕ್ರಮದಲ್ಲಿದೆಯೋ ಲಿನಕ್ಸನ್ನೂ ಅದೇ ಕ್ರಮದಲ್ಲಿ ಹಾಕತಕ್ಕದ್ದು. ಒಂದು ಹಳೆಯದು, ಒಂದು ಹೊಸದು ಆದರೆ ಗ್ರಬ್ ಎರಡನ್ನೂ ಎಬ್ಬಿಸಲಾರನು.

ಇನ್ನು ಸಿದ್ಧತೆ. ಎಲ್ಲಕ್ಕಿಂತ ಮೊದಲಿನದು ಪ್ರತಿ ತೆಗೆದಿಡುವುದು. ಈ ಮಾತನ್ನು ಎಲ್ಲರೂ ಹೇಳುತ್ತಾರೆ, ಎಲ್ಲರೂ ಕೇಳುತ್ತಾರೆ, ಮಾಡುವವರು ಕೆಲವರೇ. ಇಲ್ಲಿ ನಾವು ಕೈ ಹಾಕುವುದು ಒಂದು ಕಡತಕ್ಕಲ್ಲ, ಡಿಸ್ಕಿನ ಎಲ್ಲೆಕಟ್ಟುಗಳಿಗೆ. ಎಲ್ಲೆಯನ್ನು ಸರಿಸುತ್ತಿರುವಾಗ ವಿದ್ಯುತ್ತು ಹೋದರೆ, ಒಂದು ಅಂಕೆ ತಪ್ಪಾಗಿ ಬಿದ್ದರೆ, ಹೋಗುವುದು ಒಂದು ಪುಟವಲ್ಲ, ಇಡೀ ಕಪಾಟು. ಆದುದರಿಂದ ಶಾಲೆಯ ಕಡತಗಳನ್ನೆಲ್ಲ ಹೊರಗಿನ ಡಿಸ್ಕೊಂದಕ್ಕೆ ಪ್ರತಿ ಮಾಡಬೇಕು. ಮಾಡಿದರೆ ಸಾಲದು, ಆ ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಸಿಕ್ಕಿಸಿ ನಾಲ್ಕಾರು ಕಡತಗಳನ್ನು ತೆರೆದು ನೋಡಬೇಕು. ತೆರೆಯದ ಪ್ರತಿ ಪ್ರತಿಯಲ್ಲ. ಕಡತಗಳ ಜತೆಗೆ ಅಕ್ಷರಶೈಲಿಗಳನ್ನೂ, ನುಡಿ ಮತ್ತು ಬರಹಗಳ ಸ್ಥಾಪನಾ ಕಡತಗಳನ್ನೂ ಸೇರಿಸುವುದನ್ನು ಮರೆಯಬಾರದು. ಅವಿಲ್ಲದೆ ಪುಟಗಳಿದ್ದೂ ಇಲ್ಲದಂತೆ. ಡಿಸ್ಕು ಬಿಟ್‌ಲಾಕರ್ ಎಂಬ ಬೀಗದ ಕ್ರಮದಲ್ಲಿದ್ದರೆ ಅದರ 48 ಅಂಕೆಗಳ ಪುನಃಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಬರೆದಿಡತಕ್ಕದ್ದು. ಆರಂಭದ ಕ್ರಮ ಬದಲಾದುದನ್ನು ಕಂಡೊಡನೆ ಅದು ಆ ಅಂಕೆಗಳನ್ನು ಕೇಳುವ ಸಂಭವವುಂಟು. ಆಗ ಹುಡುಕುವುದಕ್ಕೆ ಹೊರಟರೆ ಅದು ಇರುವುದು ಬೀಗದ ಒಳಗೆ.

ಎರಡನೆಯದು ವಿಂಡೋಸಿನ ಒಂದು ದುರಭ್ಯಾಸವನ್ನು ಬಿಡಿಸುವುದು. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ, ‘ಷಟ್ ಡೌನ್’ ಎಂದಾಗ ಅದು ಪೂರ್ತಿಯಾಗಿ ಮಲಗುವುದಿಲ್ಲ. ಬೇಗ ಏಳಲು ಅನುಕೂಲವಾಗಲೆಂದು ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಅರೆನಿದ್ದೆಗೆ ಹೋಗುತ್ತದೆ. ಇದನ್ನು ‘ಫಾಸ್ಟ್ ಸ್ಟಾರ್ಟಪ್’ ಎನ್ನುತ್ತಾರೆ. ಹಗಲು ಶಾಲೆಯ ಉಪಾಧ್ಯಾಯರು ಅಂಕಪಟ್ಟಿಯನ್ನು ಅರ್ಧ ತುಂಬಿಸಿ, ಮೇಜಿನ ಮೇಲೆ ತೆರೆದೇ ಇಟ್ಟು, ‘ನಾಳೆ ಇಲ್ಲಿಂದಲೇ ಮುಂದುವರಿಸುತ್ತೇನೆ’ ಎಂದು ಮನೆಗೆ ಹೋದರೆನ್ನಿ. ರಾತ್ರಿ ಶಾಲೆಯವರು ಬಂದು ಅದೇ ಪುಸ್ತಕದಲ್ಲಿ ಏನನ್ನೋ ಬರೆದರು. ಬೆಳಿಗ್ಗೆ ಬಂದ ಉಪಾಧ್ಯಾಯರು ಪುಸ್ತಕವನ್ನು ನೋಡದೆ, ತಮ್ಮ ನೆನಪಿನಲ್ಲಿದ್ದಂತೆ ಮುಂದುವರಿಸಿದರೆ ಪಟ್ಟಿಯ ಗತಿ ಏನಾದೀತು? ವಿಂಡೋಸಿನ ವಿಭಾಗದಲ್ಲಿ ಲಿನಕ್ಸಿನಿಂದ ಬರೆದಾಗ ಆಗುವುದೂ ಇದೇ. ಇಂಥ ಸ್ಥಿತಿಯನ್ನು ಗುರುತಿಸಿದರೆ ಲಿನಕ್ಸ್ ಆ ವಿಭಾಗವನ್ನು ಓದಲು ಮಾತ್ರ ತೆರೆಯುತ್ತದೆ, ಅಥವಾ ತೆರೆಯಲು ನಿರಾಕರಿಸುತ್ತದೆ. ಅದು ಅದರ ವಿವೇಕ. ಆದರೆ ವಿಂಡೋಸಿನ ‘ಪವರ್ ಆಪ್ಷನ್ಸ್’ ಪುಟಕ್ಕೆ ಹೋಗಿ, ವಿದ್ಯುತ್ ಗುಂಡಿಗಳ ಕೆಲಸವನ್ನು ನಿಶ್ಚಯಿಸುವ ಕಡೆ ‘ಫಾಸ್ಟ್ ಸ್ಟಾರ್ಟಪ್’ ಎದುರಿನ ಗುರುತನ್ನು ತೆಗೆದುಬಿಡುವುದು ನಮ್ಮ ವಿವೇಕ.

ಮೂರನೆಯದು ಸ್ಥಳ ಬಿಡಿಸುವುದು. 500 ಜಿಬಿ ಎಂದು ಬರೆದ ಡಿಸ್ಕನ್ನು ವಿಂಡೋಸ್ 465 ಎಂದು ತೋರಿಸುತ್ತದೆ. ಮಾರಿದವನು ಮೋಸ ಮಾಡಿದನೆಂದು ಹೇಳುವವರನ್ನು ಕಂಡಿದ್ದೇವೆ. ಪಾಪ, ಅವನದೇನೂ ತಪ್ಪಿಲ್ಲ. ಅವನು ಜಿಬಿಗೆ 100,00,00,000 ಬೈಟು ಎಂದು ಎಣಿಸುತ್ತಾನೆ. ವಿಂಡೋಸ್ 2ರ 30ನೆಯ ಘಾತ, ಎಂದರೆ 107,37,41,824 ಬೈಟು ಎಂದು ಎಣಿಸುತ್ತದೆ. ಭಾಗಿಸಿ ನೋಡಿದರೆ 465.66 ಬರುತ್ತದೆ. ಈ 465ರಲ್ಲಿ ವಿಂಡೋಸಿಗೆ 200, ಲಿನಕ್ಸಿಗೆ 100, ಇಬ್ಬರಿಗೂ ಸೇರಿದ ಸಮಾನ ವಿಭಾಗಕ್ಕೆ ಉಳಿದುದು ಎಂದು ಹಂಚಿದರೆ ಶಾಲೆಯ ಕೆಲಸಕ್ಕೆ ಧಾರಾಳವಾಯಿತು. ಉಬುಂಟು ಎಂಬ ಲಿನಕ್ಸಿಗೆ 25 ಜಿಬಿ ಇದ್ದರೂ ಸಾಗುತ್ತದೆ. ವಿಂಡೋಸಿನ ವಿಭಾಗವನ್ನು ಕುಗ್ಗಿಸುವ ಕೆಲಸವನ್ನು ವಿಂಡೋಸಿನಿಂದಲೇ ಮಾಡಿಸಬೇಕೆಂಬುದು ನಮ್ಮ ಅಭಿಪ್ರಾಯ. ತನ್ನ ಬೀರುವಿನಲ್ಲಿ ಏನೆಲ್ಲಿದೆ ಎಂಬುದು ಅದಕ್ಕೇ ಚೆನ್ನಾಗಿ ಗೊತ್ತು. ‘ಡಿಸ್ಕ್ ಮ್ಯಾನೇಜ್ಮೆಂಟ್’ ತೆರೆದು, ಸಿ ವಿಭಾಗದ ಮೇಲೆ ಇಲಿಯ ಬಲಗುಂಡಿಯನ್ನು ಒತ್ತಿ, ‘ಷ್ರಿಂಕ್ ವಾಲ್ಯೂಮ್’ ಎಂಬುದನ್ನು ಆರಿಸಿದರೆ ಎಷ್ಟು ಎಂಬಿ ಎಂದು ಕೇಳುತ್ತದೆ. 1024ರಿಂದ ಗುಣಿಸಿ ಹೇಳಬೇಕು. 100 ಜಿಬಿಗೆ 1,02,400. ಡಿಸ್ಕಿನಲ್ಲಿ ಬೇಕಾದಷ್ಟು ಬರಿದು ಸ್ಥಳವಿದ್ದರೂ ಒಮ್ಮೊಮ್ಮೆ ಅದು ಕೊಂಚವೇ ಬಿಟ್ಟುಕೊಡುತ್ತದೆ. ಸರಿಸಲಾಗದ ಕೆಲವು ಕಡತಗಳು ನಡುವೆ ಕುಳಿತಿರುವುದೇ ಕಾರಣ. ಅರೆನಿದ್ದೆಯ ಕ್ರಮವನ್ನು ಪೂರ್ತಿ ನಿಲ್ಲಿಸಿ, ಯಂತ್ರವನ್ನು ಮತ್ತೆ ಆರಂಭಿಸಿ ಕೇಳಿದರೆ ಹೆಚ್ಚು ಬಿಡುವುದುಂಟು. ಹಳೆಯ ಕ್ರಮದ ಡಿಸ್ಕಿನಲ್ಲಿ ನಾಲ್ಕೇ ವಿಭಾಗಗಳಿಗೆ ಎಡೆಯೆಂದು ಮೇಲೆ ಹೇಳಿದೆವು. ವಿಂಡೋಸೇ ಅವುಗಳಲ್ಲಿ ಎರಡು ಮೂರನ್ನು ಹಿಡಿದಿರುತ್ತದೆ. ಉಳಿದ ಒಂದನ್ನು ‘ವಿಸ್ತೃತ’ ವಿಭಾಗವಾಗಿ ಮಾಡಿದರೆ ಅದರೊಳಗೆ ಬೇಕಾದಷ್ಟು ಉಪವಿಭಾಗಗಳನ್ನು ಕಟ್ಟಬಹುದು. ಹೊಸ ಕ್ರಮದ ಡಿಸ್ಕಿನಲ್ಲಿ ಈ ತೊಡಕು ಇಲ್ಲ.

ಮೇಜಿನ ಮೇಲಿನ ದೊಡ್ಡ ಪೆಟ್ಟಿಗೆಯ ಯಂತ್ರವಾದರೆ ಇದಕ್ಕಿಂತ ನಿರಪಾಯವಾದ ದಾರಿಯೂ ಇದೆ: ಎರಡನೆಯ ಡಿಸ್ಕೊಂದನ್ನು ತಂದು, ಹಳೆಯದರ ತಂತಿಯನ್ನು ಕಳಚಿಟ್ಟು, ಹೊಸದರಲ್ಲಿ ಲಿನಕ್ಸನ್ನು ಹಾಕಿ, ಆಮೇಲೆ ತಂತಿಯನ್ನು ಮತ್ತೆ ಸಿಕ್ಕಿಸುವುದು. ಕೈಯಲ್ಲಿ ಹಣವಿದ್ದವರು ಹೀಗೆಯೇ ಮಾಡಲಿ.

ಲಿನಕ್ಸಿನ ವಿಷಯದಲ್ಲಿ ಎರಡು ಮಾತು. ರಿಚರ್ಡ್ ಸ್ಟಾಲ್‌ಮನ್ನರು 1983ರಲ್ಲಿ ಎಲ್ಲರಿಗೂ ಮುಕ್ತವಾದ ‘ಗ್ನೂ’ ವ್ಯವಸ್ಥೆಯನ್ನು ಕಟ್ಟುವುದಾಗಿ ಸಾರಿದರು; 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಅದಕ್ಕೆ ಕೊರತೆಯಾಗಿದ್ದ ತಿರುಳನ್ನು ಬರೆದುಕೊಟ್ಟಂತಾಯಿತು. ಈ ಎರಡರ ಸುತ್ತ ಬೆಳೆದ ಹಂಚಿಕೆಗಳು ಅನೇಕ. ನಮ್ಮ ದೇಶದಲ್ಲಿಯೇ ಸಿ-ಡ್ಯಾಕ್ ಸಂಸ್ಥೆಯವರು ‘ಬಾಸ್’ ಎಂಬುದನ್ನು ಸಿದ್ಧಪಡಿಸಿದ್ದಾರೆ. ಕೇರಳದ ಸರಕಾರಿ ಶಾಲೆಗಳಲ್ಲಿ ಲಿನಕ್ಸೇ ರೂಢಿ. ಮೊದಲ ಸಲಕ್ಕೆ ಉಬುಂಟು ಅಥವಾ ಮಿಂಟ್ ಸಾಕು. ಉಬುಂಟುವಿನ ಸಂಖ್ಯೆಯಲ್ಲಿ ವರ್ಷವೂ ತಿಂಗಳೂ ಅಡಗಿರುತ್ತವೆ: 24.04 ಎಂದರೆ 2024ರ ಏಪ್ರಿಲ್. ‘ಎಲ್‌ಟಿಎಸ್’ ಎಂಬ ಗುರುತಿರುವುದನ್ನೇ ಆರಿಸಬೇಕು. ಅದಕ್ಕೆ 5 ವರ್ಷ ಪರಿಷ್ಕರಣಗಳು ಬರುತ್ತವೆ.

ಜಾಲದಿಂದ ಇಳಿಸಿಕೊಂಡ ಐಎಸ್‌ಒ ಕಡತವನ್ನು 8 ಜಿಬಿಗೆ ಕಡಮೆಯಿಲ್ಲದ ಪೆನ್‌ಡ್ರೈವಿಗೆ ರೂಫಸ್ ಎಂಬ ಉಪಕರಣದಿಂದ ಏರಿಸಬೇಕು. ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿದುಹೋಗುತ್ತದೆ. ಇಳಿಸಿದ ಕಡತ ಕೆಡದೆ ಬಂದಿದೆಯೇ ಎಂದು ತಿಳಿಯಲು ಎಸ್‌ಎಚ್‌ಎ-256 ಎಂಬ 64 ಚಿಹ್ನೆಗಳ ಸಾಲನ್ನು ಪ್ರಕಾಶಕರು ಕೊಟ್ಟಿರುತ್ತಾರೆ; ನಮ್ಮಲ್ಲಿ ಲೆಕ್ಕ ಹಾಕಿಸಿದ ಸಾಲಿನೊಡನೆ ಅದನ್ನು ಹೋಲಿಸಬೇಕು. ಬಳಿಕ ಯಂತ್ರವನ್ನು ಆರಂಭಿಸುವಾಗಲೇ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿಯನ್ನು ಒತ್ತಿದರೆ, ಯಂತ್ರದ ತಯಾರಕರಿಗೆ ತಕ್ಕಂತೆ, ಆರಂಭದ ಪಟ್ಟಿ ಕಾಣಿಸುತ್ತದೆ. ಅಲ್ಲಿ ಪೆನ್‌ಡ್ರೈವನ್ನು ಆರಿಸಬೇಕು. ‘ಸೆಕ್ಯೂರ್ ಬೂಟ್’ ಎಂಬ ಭದ್ರತೆಯನ್ನು ಉಬುಂಟುವಿಗಾಗಿ ತೆಗೆಯಬೇಕಾಗಿಲ್ಲ. ಅದರ ಮೊದಲ ತುಣುಕಿಗೆ ಮೈಕ್ರೋಸಾಫ್ಟಿನ ಸಹಿ ಇದೆ.

ಈಗ ಲಿನಕ್ಸ್ ಪೆನ್‌ಡ್ರೈವಿನಿಂದಲೇ ನಡೆಯತೊಡಗುತ್ತದೆ, ಡಿಸ್ಕನ್ನು ಮುಟ್ಟುವುದಿಲ್ಲ. ಅವಸರಪಡದೆ ಅರ್ಧ ದಿನ ಹೀಗೆಯೇ ಬಳಸಿ ನೋಡುವುದು ಲೇಸು. ಧ್ವನಿ ಬರುತ್ತದೆಯೇ, ಜಾಲದ ಸಂಪರ್ಕ ಸಿಗುತ್ತದೆಯೇ, ಮುದ್ರಕ ಮಾತು ಕೇಳುತ್ತದೆಯೇ? ಒಪ್ಪಿಗೆಯಾಗದಿದ್ದರೆ ಪೆನ್‌ಡ್ರೈವನ್ನು ಕಿತ್ತರಾಯಿತು, ಯಂತ್ರ ಮೊದಲಿನಂತೆಯೇ ಇರುತ್ತದೆ.

ಒಪ್ಪಿಗೆಯಾದರೆ ಸ್ಥಾಪನೆ. ಭಾಷೆ, ಕೀಲಿಮಣೆ, ಊರು ಮೊದಲಾದ ಪ್ರಶ್ನೆಗಳು ಸುಲಭ. ಅಪಾಯವಿರುವುದು ಒಂದೇ ಪುಟದಲ್ಲಿ. ವಿಂಡೋಸಿನ ಪಕ್ಕದಲ್ಲಿ ಹಾಕಲೇ, ಡಿಸ್ಕನ್ನು ಪೂರ್ತಿ ಅಳಿಸಿ ಹಾಕಲೇ, ನೀವೇ ವಿಭಾಗಗಳನ್ನು ತೋರಿಸುವಿರಾ ಎಂದು ಅಲ್ಲಿ ಕೇಳುತ್ತದೆ. ಎರಡನೆಯದನ್ನು ಆರಿಸಿ ಮುಂದಕ್ಕೆ ಒತ್ತಿದರೆ ವಿಂಡೋಸೂ ಇಲ್ಲ, ಇಪ್ಪತ್ತು ವರ್ಷಗಳ ಪುಟಗಳೂ ಇಲ್ಲ. ವಿದ್ಯಾರ್ಥಿಗಳಾರೂ ಈ ಪುಟದಲ್ಲಿ ಒಬ್ಬರೇ ಕುಳಿತು ನಿರ್ಧರಿಸಬಾರದು. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಇಲಿಯನ್ನು ಹಿಡಿಯಲಿ. ಮೊದಲನೆಯದನ್ನು ಆರಿಸಿದರೆ ಸಾಮಾನ್ಯವಾಗಿ ಕೆಲಸ ನೆಟ್ಟಗಾಗುತ್ತದೆ. ಮೂರನೆಯದನ್ನು ಆರಿಸುವವರು ಬಿಡಿಸಿಟ್ಟ ಬರಿದು ಸ್ಥಳದಲ್ಲಿ ಇಎಕ್ಸ್‌ಟಿ4 ಕ್ರಮದ ಒಂದು ವಿಭಾಗವನ್ನು ಮಾಡಿ, ಓರೆಗೆರೆಯ ಚಿಹ್ನೆಯಿಂದ ಅದನ್ನು ಮೂಲವೆಂದು ಗುರುತಿಸಬೇಕು. ಹೊಸ ಕ್ರಮದ ಯಂತ್ರದಲ್ಲಿ ಆರಂಭದ ಚಿಕ್ಕ ವಿಭಾಗವನ್ನು ಇರುವಂತೆಯೇ ಬಳಸಿಕೊಳ್ಳಬೇಕು. ಅದನ್ನು ಹೊಸದಾಗಿ ಹಸನುಮಾಡಲು ಹೇಳಿದರೆ ವಿಂಡೋಸಿನ ಕಡತಕೋಶವೂ ಅಳಿಯುತ್ತದೆ. ವಿಭಾಗಗಳ ಅಳತೆಗಳನ್ನು ಮೊದಲೇ ಕಾಗದದಲ್ಲಿ ಬರೆದುಕೊಂಡಿದ್ದರೆ ಯಾವುದು ಯಾವುದೆಂದು ಗುರುತಿಸುವುದು ಕಷ್ಟವಾಗದು.

ಮುಗಿದ ಮೇಲೆ ಯಂತ್ರವನ್ನು ಆರಂಭಿಸಿದಾಗ ಗ್ರಬ್ಬಿನ ಪಟ್ಟಿ ತೋರುತ್ತದೆ. ಬಾಣದ ಕೀಲಿಗಳಿಂದ ಬೇಕಾದುದನ್ನು ಆರಿಸಬೇಕು. ಸುಮ್ಮನಿದ್ದರೆ ಕೆಲವು ಸೆಕೆಂಡುಗಳಲ್ಲಿ ತಾನೇ ಮೊದಲನೆಯದನ್ನು ಎಬ್ಬಿಸುತ್ತದೆ. ವಿಂಡೋಸಿನ ಹೆಸರು ಪಟ್ಟಿಯಲ್ಲಿ ಕಾಣದಿದ್ದರೂ ಎದೆಗುಂದಬೇಕಾಗಿಲ್ಲ. ಗ್ರಬ್ಬಿನ 2.06ನೆಯ ಆವೃತ್ತಿಯಿಂದ ಇತರ ವ್ಯವಸ್ಥೆಗಳನ್ನು ಹುಡುಕುವ ಕೆಲಸವನ್ನು ಅದು ಹೇಳದೆ ಮಾಡುವುದಿಲ್ಲ. ಹುಡುಕು ಎಂದು ಅದರ ನಿಯಮಗಳ ಕಡತದಲ್ಲಿ ಬರೆದು ಪಟ್ಟಿಯನ್ನು ಹೊಸದಾಗಿಸಿದರೆ ಹೆಸರು ಬರುತ್ತದೆ.

ಮರುದಿನ ವಿಂಡೋಸನ್ನು ತೆರೆದವರಿಗೆ ಒಂದು ಸೋಜಿಗ ಕಾದಿರುವುದುಂಟು: ಗಡಿಯಾರ ಐದೂವರೆ ಗಂಟೆ ಹಿಂದೆ! ಭೂಗೋಳ ಓದಿದವರು ಇದನ್ನು ಬಿಡಿಸಬಲ್ಲರು. ಭಾರತದ ಸಮಯ 82½ ಡಿಗ್ರಿ ಪೂರ್ವ ರೇಖಾಂಶದ್ದು. 15ರಿಂದ ಭಾಗಿಸಿದರೆ ಗ್ರೀನಿಚ್ಚಿಗಿಂತ 5 ಗಂಟೆ 30 ನಿಮಿಷ ಮುಂದೆ. ಯಂತ್ರದ ಫಲಕದಲ್ಲಿರುವ ಗಡಿಯಾರ ಒಂದೇ. ಲಿನಕ್ಸ್ ಅದನ್ನು ವಿಶ್ವಸಮಯಕ್ಕೆ ಇಟ್ಟು, ತೋರಿಸುವಾಗ ಐದೂವರೆ ಗಂಟೆ ಕೂಡಿಸುತ್ತದೆ. ವಿಂಡೋಸ್ ಅದರಲ್ಲಿ ಇರುವುದೇ ಊರ ಸಮಯವೆಂದು ನಂಬುತ್ತದೆ. ಬೆಳಗಿನ 10 ಗಂಟೆ ವಿಂಡೋಸಿಗೆ ನಸುಕಿನ 4½ ಆಗುವುದು ಹೀಗೆ. ಊರ ಸಮಯವನ್ನೇ ಇಡು ಎಂದು ಲಿನಕ್ಸಿಗೆ ಆಜ್ಞೆ ಕೊಟ್ಟರೆ ಈ ಗೊಂದಲ ನಿಲ್ಲುತ್ತದೆ.

ಕಡತಗಳ ಹಂಚಿಕೆಗೆ ಸಮಾನ ವಿಭಾಗವನ್ನು ಎನ್‌ಟಿಎಫ್‌ಎಸ್ ಕ್ರಮದಲ್ಲಿ ಇಡಬೇಕು. ಅದನ್ನು ಇಬ್ಬರೂ ಓದಬಲ್ಲರು, ಬರೆಯಬಲ್ಲರು. ಲಿನಕ್ಸಿನ ಸ್ವಂತ ವಿಭಾಗವನ್ನು ವಿಂಡೋಸ್ ತಾನಾಗಿ ಓದಲಾರದು. ಇನ್ನು ಮುಂದೆ ಜಾಲದ ಕೆಲಸಗಳೆಲ್ಲ ಲಿನಕ್ಸಿನಲ್ಲಿಯೇ ನಡೆಯಲಿ. ಪರಿಷ್ಕರಣ ನಿಂತ ವಿಂಡೋಸಿನಲ್ಲಿ ಜಾಲದ ಸಂಪರ್ಕವನ್ನೇ ಆರಿಸಿಟ್ಟು, ಹಳೆಯ ಪುಟಗಳಿಗಷ್ಟೇ ಅದನ್ನು ಎಬ್ಬಿಸುವುದು ಕ್ಷೇಮ. ಮುಂದೊಂದು ದಿನ ಲಿನಕ್ಸ್ ಬೇಡವೆನಿಸಿದರೆ, ಹಳೆಯ ಕ್ರಮದ ಯಂತ್ರದಲ್ಲಿ ಮೊದಲು ವಿಂಡೋಸಿನ ಆರಂಭದ ಆದೇಶವನ್ನು ಮರಳಿ ಬರೆಸಿ ಆಮೇಲೆ ವಿಭಾಗವನ್ನು ಅಳಿಸತಕ್ಕದ್ದು. ಕ್ರಮ ತಿರುಗಿದರೆ ಕಾವಲುಗಾರನ ಅರ್ಧ ದೇಹ ಹೋಗಿ, ಅವನು ಯಾರನ್ನೂ ಒಳಗೆ ಬಿಡಲಾರನು.

ಕನ್ನಡದ ಮಾತು ಉಳಿಯಿತು. ಲಿನಕ್ಸಿನಲ್ಲಿ ಕನ್ನಡವನ್ನು ಬರೆಯಲು ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ, ನುಡಿಗೆ ಒಗ್ಗಿದ ಕೈಗಳಿಗೆ ಕೆಜಿಪಿ ವಿನ್ಯಾಸವೂ ದೊರೆಯುತ್ತವೆ. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಅಕ್ಷರಶೈಲಿಗಳೂ ಇವೆ. ಇವೆಲ್ಲ ಯೂನಿಕೋಡಿನವು. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿತ್ತು. ನುಡಿಯ ಹಳೆಯ ಅಕ್ಷರಗಳ ಕ್ರಮವೇ ಬೇರೆ. ಅಲ್ಲಿ ಇಂಗ್ಲಿಷಿನ ಹಾಗೂ ಯುರೋಪಿನ ಚಿಹ್ನೆಗಳ ಮನೆಗಳಲ್ಲಿ ಕನ್ನಡ ಅಕ್ಷರಗಳ ಚೂರುಗಳನ್ನು ಕೂರಿಸಿದ್ದಾರೆ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಪದವನ್ನು ತೆರೆದರೆ ಪಿ, ಕ್ಯೂ, ಪೌಂಡಿನ ಗುರುತು, ತಲೆಯ ಮೇಲೆ ಗೀಟು ಹೊತ್ತ ಎ, ಇವು ಸಾಲಾಗಿ ನಿಲ್ಲುತ್ತವೆ. ಇಂಥ ಪುಟಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಇವೆ. ಪೇಜ್‌ಮೇಕರಿನಿಂದ ಪಠ್ಯವನ್ನು ವಿಂಡೋಸಿನಲ್ಲಿ ಹೊರತೆಗೆದು, ಪರಿವರ್ತಿಸಿ, ಸಮಾನ ವಿಭಾಗದಲ್ಲಿಟ್ಟರೆ ಲಿನಕ್ಸಿನಲ್ಲಿ ಮುಂದಿನ ಕೆಲಸ.

ಆದರೆ ಪರಿವರ್ತಿತ ಪುಟವನ್ನು ಹಾಗೆಯೇ ನಂಬುವಂತಿಲ್ಲ. ನುಡಿಯ ಕ್ರಮದಲ್ಲಿ ‘ಮ’ಕಾರಕ್ಕೆ ಬೇರೆ ಅಚ್ಚಿಲ್ಲ, ‘ವ’ಕಾರದ ಚೂರಿಗೆ ಕೊಂಬನ್ನು ಸೇರಿಸಿದರೆ ‘ಮ’. ‘ಸೂರ್ಯ’ ಎಂಬಲ್ಲಿ ಅರ್ಕಾವೊತ್ತನ್ನು ‘ಯ’ಕಾರದ ಬಳಿಕ ಇಟ್ಟಿರುತ್ತದೆ, ಯೂನಿಕೋಡಿನಲ್ಲಿ ರೇಫವೇ ಮುಂದೆ ಬರಬೇಕು. ಪರಿವರ್ತಕಗಳು ಎಡವುವುದು ಹೆಚ್ಚಾಗಿ ಇಂಥ ಕಡೆಗಳಲ್ಲಿಯೇ. ಆದುದರಿಂದ ಹಳೆಯ ಪುಟದ ಅಚ್ಚಾದ ಪ್ರತಿಯನ್ನು ಒಬ್ಬ ವಿದ್ಯಾರ್ಥಿ ಓದುತ್ತಿರಲು ಇನ್ನೊಬ್ಬನು ತೆರೆಯ ಮೇಲಿನದನ್ನು ಸರಿಹೋಲಿಸಬೇಕು. ಮಕಾರ, ವಕಾರ, ಅರ್ಕಾವೊತ್ತುಗಳ ಮೇಲೆ ಕಣ್ಣು ವಿಶೇಷವಾಗಿರಲಿ. ಹೊಸ ಪ್ರತಿ ಸಿದ್ಧವಾದ ಮೇಲೂ ಮೂಲ ಕಡತವನ್ನು ಅಳಿಸದೆ ವಿಂಡೋಸಿನ ಬೀರುವಿನಲ್ಲಿಯೇ ಬಿಡುವುದು.